ಉದಯಶಂಕರನ ಅಸ್ತಮಾನ

ನಾಯ್ಮಾರ್ಮೂಲೆ ಪೇಟೆಯಲ್ಲಿ ಉದಯಶಂಕರ ಭಟ್ಟನ ಸ್ಟುಡಿಯೋ ಗೊತ್ತಿಲ್ಲದವರು ಇರಲಿಲ್ಲ. ಅಲ್ಲಿಂದ ಖುಷಿಯಾಗಿ ಹೊರಗೆ ಬಂದವರು ಮಾತ್ರ ಕಡಿಮೆ. ಹಾಗೆಂದು ಅವನನ್ನು ಕೆಟ್ಟ ಫೋಟೋಗ್ರಾಫರ್ ಎನ್ನುವಂತಿಲ್ಲ. ಅವನು ತೆಗೆದ ಪಾಸ್‌ಪೋರ್ಟ್ ಫೋಟೋ ಹಿಡಿದುಕೊಂಡು ಎಷ್ಟೋ ಜನ ದುಬೈ, ದೋಹಾ, ಮಸ್ಕತ್ ಸೇರಿದ್ದಾರೆ. 'ಇದು ನೀನಲ್ಲ' ಎಂದು ವಿಮಾನ ನಿಲ್ದಾಣದಿಂದ ಯಾರನ್ನೂ ವಾಪಸು ಕಳಿಸಿದ್ದಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅವನಿಗೆ ಮನುಷ್ಯರಿಗಿಂತ ಬೆಳಕಿನ ಮೇಲೆ ಪ್ರೀತಿ ಹೆಚ್ಚು. ಮದುವೆಗೆ ಹೋದರೆ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಚಪ್ಪರದ ಸಂದಿಯಿಂದ ಇಳಿಯುವ ಬಿಸಿಲಕೋಲನ್ನು ನೋಡುತ್ತಾ ನಿಂತುಬಿಡುವನು. ಆಮೇಲೆ ಆಲ್ಬಮ್ ಬಿಡಿಸಿದವರಿಗೆ ಅತಿ ಸುಂದರವಾದ ಬಿಸಿಲಕೋಲೊಂದು, ಅದರ ಬದಿಯಲ್ಲಿ ಮದುಮಗಳ ತಂದೆಯ ಮೊಣಕೈ ಕಾಣಸಿಗುತ್ತಿತ್ತು.

ಇಂಥ ಉದಯಶಂಕರ 2016ರ ಡಿಸೆಂಬರಿನಲ್ಲಿ ಹೆಂಡತಿ ಸೌದಾಮಿನಿಯ ಜೊತೆ ಪೈವಳಿಕೆಯ ಸಂಬಂಧಿಕರ ಹೊಸ ಮನೆಯ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಹೋದ. ಅಲ್ಲಿ ಊಟದ ಪಂಕ್ತಿಯಲ್ಲಿ ಅವನ ಎದುರಿಗೇ ಕೂತದ್ದು ಸೌದಾಮಿನಿಯ ಅಣ್ಣ ಮಹಾಗಣಪತಿ. ಹೈಸ್ಕೂಲಿನ ಹೆಡ್ಮಾಸ್ಟರು. ಶಾಲೆಯ ಮಕ್ಕಳೊಂದಿಗೆ ಪ್ರವಾಸ ಹೋದಾಗ ಅವರು ಮೊಬೈಲಿನಲ್ಲಿ ಜೋಡಿ ಕಾಮನಬಿಲ್ಲಿನ ಫೋಟೋ ತೆಗೆದಿದ್ದರು. ಆ ಮೊಬೈಲು ಸಾರಿನ ಹೊತ್ತಿಗೆ ಪಂಕ್ತಿಯ ಆ ತುದಿಯಿಂದ ಹೊರಟು ಪಾಯಸದ ಹೊತ್ತಿಗೆ ಈ ತುದಿಗೆ ಬಂತು. ನೋಡಿದವರೆಲ್ಲ ಎಂಜಲು ಕೈಯನ್ನು ದೂರ ಹಿಡಿದು "ಹೋ!" ಎಂದರು.

"ನೋಡು ಉದಯ," ಎಂದರು ಮಹಾಗಣಪತಿ, "ಕ್ಯಾಮೆರಾ ಎಷ್ಟು ದೊಡ್ಡದಾದರೆ ಎಂತ, ನೋಡುವ ಕಣ್ಣು ಬೇಕು. ನಿನ್ನದು ಪಾಪ, ನೀಲಿ ಪರದೆ ಎದುರು ಕೂತವರಿಗೇ ಆಯಿತು."

ಪಂಕ್ತಿ ನಕ್ಕಿತು. ಹೆಂಗಸರ ಸಾಲಿನಲ್ಲಿ ಸೌದಾಮಿನಿಯೂ ನಕ್ಕದ್ದು ಅವನಿಗೆ ಕಂಡಿತು. ಅಲ್ಲಿಗೆ ಅವನ ನಾಲಗೆ ಅವನ ಕೈ ಬಿಟ್ಟಿತು.

"ಕಾಮನಬಿಲ್ಲು ಯಾರಿಗೂ ಸಿಗ್ತದೆ ಭಾವ. ಹಸಿರು ಮಿಂಚು ನೋಡಿದ್ದೀರಾ?"

"ಅದೆಂಥ ಮಿಂಚು?"

"ಸೂರ್ಯ ಸಮುದ್ರದಲ್ಲಿ ಮುಳುಗುವಾಗ ಕೊನೆಗೆ ಒಂದು ತುಣುಕು ಉಳೀತದಲ್ಲ, ಅದು ಒಂದೇ ಒಂದು ಕ್ಷಣ ಹಸಿರಾಗ್ತದೆ. ಪಚ್ಚೆಕಲ್ಲಿನ ಹಾಗೆ. ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರೂ ಅದನ್ನು ನೋಡಿರುವುದಿಲ್ಲ. ಆಕಾಶದ ಅಂಚು ತೊಳೆದು ಇಟ್ಟ ಹಾಗೆ ಇರಬೇಕು."

"ನೀನು ನೋಡಿದ್ದೀಯಾ?"

ವಾರಪತ್ರಿಕೆಯಲ್ಲಿ ಓದಿದ್ದೇನೆ ಎಂದರೆ ಸಾಕಿತ್ತು. ಆದರೆ ಅಷ್ಟು ಜನ ಅನ್ನ ಕಲಸುವುದನ್ನು ನಿಲ್ಲಿಸಿ ನೋಡುತ್ತಿರುವಾಗ ಅಂಥ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

"ನೋಡುವುದೆಂತ, ಫೋಟೋ ತೆಗೀತೇನೆ. ಶಿವರಾತ್ರಿ ಒಳಗೆ ನಿಮ್ಮ ಕೈಯಲ್ಲಿ ಇಡ್ತೇನೆ."

"ಹೆಸರು ಉದಯ, ಹೊರಟದ್ದು ಅಸ್ತಮಾನಕ್ಕೆ!" ಎಂದರು ಮಹಾಗಣಪತಿ. ಈ ಸಲ ಪಾಯಸ ಬಡಿಸುವವನೂ ನಕ್ಕ.

ಬಸ್ಸಿನಲ್ಲಿ ಬರುವಾಗ ಸೌದಾಮಿನಿ, "ಸೌದಾಮಿನಿ ಎಂದರೂ ಮಿಂಚೇ ಅಲ್ಲವಾ? ಮನೆಯಲ್ಲಿರುವುದು ಸಾಲದೆಂದು ಇನ್ನೊಂದು ಬೇಕಾಯಿತಾ?" ಎಂದು ಕೇಳಿದಳು. ಉದಯಶಂಕರ ಆಗಲೇ ಕಿಟಕಿಯಿಂದ ಪಡುವಣ ದಿಕ್ಕನ್ನು ಪರೀಕ್ಷಿಸುತ್ತಿದ್ದ.

ಮೊದಮೊದಲು ಅವನು ಎಲ್ಲರೂ ಹೋಗುವ ಕಡಲತೀರಗಳಿಗೇ ಹೋದ. ಅಲ್ಲಿ ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ ಕಂಡ ಜನ ಸಾಲುಗಟ್ಟಿ ನಿಂತರು. "ನಮ್ಮದೊಂದು ತೆಗೀರಿ ಅಣ್ಣಾ, ಸೂರ್ಯನನ್ನು ಅಂಗೈಯಲ್ಲಿ ಹಿಡಿದ ಹಾಗೆ." ಹೀಗೆ ಊರಿನವರ ಅಂಗೈಗಳ ಮೇಲೆಲ್ಲ ಸೂರ್ಯನನ್ನು ಇಟ್ಟು ಸಾಕಾಗಿ, ಯಾರೂ ಬಾರದ ಜಾಗ ಯಾವುದೆಂದು ವಿಚಾರಿಸಿದ. ಮುಂಡೋಡಿ ಕಡಪ್ಪುರ ಎಂದರು. ಸಣ್ಣ ಹೊಳೆಯೊಂದು ಕಡಲು ಸೇರುವ ಜಾಗ, ಕೇದಗೆಯ ಪೊದೆಗಳು, ನಾಲ್ಕಾರು ಗಾಳಿಮರ. ಸಂಜೆ ಮೇಲೆ ಅಲ್ಲಿ ಯಾರೂ ಸುಳಿಯುವುದಿಲ್ಲವಂತೆ. ಯಾಕೆ ಸುಳಿಯುವುದಿಲ್ಲ ಎಂದು ಉದಯಶಂಕರ ಕೇಳಲಿಲ್ಲ.

ಕೇಳಿದ್ದರೆ ಗೊತ್ತಾಗುತ್ತಿತ್ತು. ಆ ಹೊಳೆಯ ಬಾಯಿಯಿಂದ ಕಳ್ಳತನದಲ್ಲಿ ಹೊಯಿಗೆ, ಎಂದರೆ ಮರಳು, ತೆಗೆದು ಟಿಪ್ಪರಿಗೆ ತುಂಬುತ್ತಿದ್ದದ್ದು ಅದೇ ಹೊತ್ತಿನಲ್ಲಿ. ಟಿಪ್ಪರುಗಳ ಯಜಮಾನ ಪ್ರವೀತ್ ಎಂಬ ತರುಣ. ಕುತ್ತಿಗೆಯಲ್ಲಿ ದಪ್ಪ ಸರ, ಸೂರ್ಯ ಮುಳುಗಿದ ಮೇಲೂ ಕಪ್ಪು ಕನ್ನಡಕ. ಅವನ ಆಳುಗಳು ದೋಣಿಯಿಂದ ಹೊಯಿಗೆ ಇಳಿಸುತ್ತಿದ್ದಾಗ, ಬಿಳಿ ಪಂಚೆ ಉಟ್ಟವನೊಬ್ಬ ನೇರ ನಡೆದು ಬಂದು, ಯಾರನ್ನೂ ಕೇಳದೆ ಮೂರು ಕಾಲಿನ ಸ್ಟ್ಯಾಂಡ್ ಊರಿ, ಒಂದು ಮೊಳ ಉದ್ದದ ಲೆನ್ಸನ್ನು ದೋಣಿಗಳ ಕಡೆಗೇ ತಿರುಗಿಸಿದ. ದೋಣಿಗಳ ಹಿಂದೆ ಸೂರ್ಯನೂ ಇದ್ದ. ಆದರೆ ಪ್ರವೀತನ ಕಡೆಯವರಿಗೆ ಸೂರ್ಯನ ನೆನಪು ಬರಲಿಲ್ಲ.

ಪ್ರವೀತ್ ಹತ್ತಿರ ಬಂದ. "ಎಂತ ಸಾರ್, ಎಂತದ್ದು ಫೋಟೋ?"

"ಹಸಿರಿನದ್ದು," ಎಂದ ಉದಯಶಂಕರ ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಪ್ರವೀತ್ ಒಂದು ಹೆಜ್ಜೆ ಹಿಂದೆ ಸರಿದ. ಹಸಿರಿನವರೆಂದರೆ ಪರಿಸರದವರು. ಅರ್ಜಿ ಹಾಕುವವರು, ಕೋರ್ಟಿಗೆ ಹೋಗುವವರು.

"ಇಲ್ಲಿ ಹಸಿರು ಎಲ್ಲಿ ಉಂಟು ಸಾರ್?"

"ಈಗ ಇಲ್ಲ. ಈಗ ಕಾಣುವುದೆಲ್ಲ ಕೆಂಪು. ಈ ಕೆಂಪು ಪೂರ್ತಿ ಮುಳುಗಬೇಕು. ಆಮೇಲೆ ಹಸಿರು."

ಪ್ರವೀತ್ ಹಿಂದಕ್ಕೆ ತಿರುಗಿ ತನ್ನ ಕೆಂಪು ಟಿಪ್ಪರುಗಳನ್ನು ಒಮ್ಮೆ ನೋಡಿಕೊಂಡ.

"ಯಾರು ಸಾರ್ ನಿಮ್ಮನ್ನು ಕಳಿಸಿದ್ದು?"

"ಯಾರೂ ಕಳಿಸಲಿಲ್ಲ. ಆದರೆ ಫೋಟೋ ಸಿಕ್ಕಿದ ಕೂಡಲೇ ನೇರ ಭಾವನ ಕೈಗೆ ಹೋಗ್ತದೆ."

"ಭಾವ... ದೊಡ್ಡ ಪೋಸ್ಟಿನಲ್ಲಿರುವುದಾ?"

"ಅವರಾ? ಅವರ ಎದುರು ನಿಂತರೆ ಎಂಥೆಂಥವರ ಕಾಲು ನಡುಗ್ತದೆ. ತಪ್ಪು ಮಾಡಿದವರನ್ನು ಸೀದಾ ಹತ್ತಿಸಿ ನಿಲ್ಲಿಸ್ತಾರೆ."

ಬೆಂಚಿನ ಮೇಲೆ ಎಂದು ಉದಯಶಂಕರ ಹೇಳಲಿಲ್ಲ. ಹೆಡ್ಮಾಸ್ಟರ ವಿಷಯದಲ್ಲಿ ಅದನ್ನು ಬೇರೆ ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಪ್ರವೀತನ ಕಣ್ಣಿಗೆ ಬಂದದ್ದು ಕೋರ್ಟಿನ ಕಟಕಟೆ.

"ನಿಮ್ಮ ದೋಣಿ ಸ್ವಲ್ಪ ಅಡ್ಡ ಉಂಟು ಮಾರಾಯ್ರೇ," ಎಂದ ಉದಯಶಂಕರ ವಿನಯದಿಂದ. "ತೆಗೆದರೆ ದೊಡ್ಡ ಉಪಕಾರ."

ಕ್ಷಣದಲ್ಲಿ ದೋಣಿಗಳು ಸರಿದವು. ಟಿಪ್ಪರುಗಳು ಹೆಡ್‌ಲೈಟು ಹಾಕದೆ ಹಿಮ್ಮುಖವಾಗಿ ಗಾಳಿಮರಗಳ ಎಡೆಯಲ್ಲಿ ಮಾಯವಾದವು. ಅಂದು ಮೋಡ ಬಂದು ಹಸಿರು ಕಾಣಲಿಲ್ಲ. ಮರುದಿನ ಉದಯಶಂಕರ ಬಂದಾಗ ಕಡಪ್ಪುರ ಖಾಲಿ. ಬರೇ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಬದಿಯಲ್ಲಿ ಕೆತ್ತಿಟ್ಟ ಎಳನೀರು.

"ಮುಂಡೋಡಿಯವರ ಹಾಗೆ ಕಲೆಗೆ ಮರ್ಯಾದೆ ಕೊಡುವ ಜನ ನಮ್ಮ ಜಿಲ್ಲೆಯಲ್ಲೇ ಇಲ್ಲ," ಎಂದು ಅವನು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ.

ಹೀಗೆ ದಿನಗಳು ಹೋದವು. ಹಸಿರು ಸಿಗಲಿಲ್ಲ. ಒಂದು ಸಂಜೆ ಕಡಲಂಚಿನಲ್ಲಿ ಮಬ್ಬು. ಇನ್ನೊಂದು ಸಂಜೆ ಎಲ್ಲ ಸರಿಯಿದ್ದಾಗ ಹಡಗೊಂದು ಸರಿಯಾಗಿ ಸೂರ್ಯನ ಮುಖಕ್ಕೇ ಬಂತು. ಆದರೆ ಕಾಯುತ್ತಾ ಕಾಯುತ್ತಾ ಉದಯಶಂಕರ ಎಂಥೆಂಥದೆಲ್ಲ ನೋಡಿದ! ಒಂದು ದಿನ ಸೂರ್ಯ ಕೆಳಗೆ ಅಗಲವಾಗಿ, ನಡುವೆ ಸಪೂರವಾಗಿ, ಥೇಟ್ ತಾಮ್ರದ ಕೊಡಪಾನದಂತೆ ನೀರಿನ ಮೇಲೆ ಕೂತ. ಮತ್ತೊಂದು ದಿನ ಹೋಳು ಹೋಳಾಗಿ, ಒಂದೊಂದು ಹೋಳೂ ತನ್ನಷ್ಟಕ್ಕೆ ಬೇರೆ ಬೇರೆ ಮುಳುಗಿತು. ಅವನು ಬಾಯಿ ತೆರೆದು ನಿಂತು, ಎಷ್ಟೋ ಸಲ ಗುಂಡಿ ಒತ್ತುವುದನ್ನೇ ಮರೆತ. ಭಾವನ ಮೇಲಿನ ಹಠ ಆರಂಭದಲ್ಲಿ ಇದ್ದದ್ದು ನಿಜ. ಆದರೆ ಈಗೀಗ ಸಂಜೆಯಾದರೆ ಕಾಲು ತಾನಾಗಿ ಪಡುವಣಕ್ಕೆ ಹೊರಡುತ್ತಿತ್ತು.

ಹೊಳೆಯ ದಡದ ಮನೆಯ ದೇವಕಿ, ವಯಸ್ಸಾದ ಹೆಂಗಸು, ದಿನವೂ ಬೇಲಿಯ ಹತ್ತಿರ ಬಂದು ಕೈಮುಗಿಯುವಳು.

"ನೀವು ಬರಲಿಕ್ಕೆ ಶುರು ಮಾಡಿದ ಮೇಲೆ ನನಗೆ ರಾತ್ರಿ ನಿದ್ರೆ ಬರ್ತದೆ ಭಟ್ರೇ. ನಿಮ್ಮನ್ನು ದೇವರೇ ಕಳಿಸಿದ್ದು."

ಸೂರ್ಯಾಸ್ತದ ಫೋಟೋ ತೆಗೆದರೆ ಇನ್ನೊಬ್ಬರ ನಿದ್ರಾಹೀನತೆ ಗುಣವಾಗುತ್ತದೆಂದು ವಾರಪತ್ರಿಕೆಯಲ್ಲಿ ಬರೆದಿರಲಿಲ್ಲ. ಆದರೂ ಉದಯಶಂಕರ ಅದನ್ನು ನಂಬಿದ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಸೌದಾಮಿನಿಯ ಕಿರುಚಾಟಕ್ಕೆ ನೆರೆಕರೆಯವರೆಲ್ಲ ಓಡಿ ಬಂದರು. ಈರುಳ್ಳಿಯನ್ನೂ ವಿಶೇಷದ ದಿನ ದೂರವಿಡುವ ಆ ಮನೆಯ ಮೆಟ್ಟಿಲ ಮೇಲೆ, ತುಳಸಿಕಟ್ಟೆಗೆ ಮುಖ ಮಾಡಿ, ಒಂದು ತೋಳುದ್ದದ ಅಂಜಲ್ ಮೀನು ಮಲಗಿತ್ತು.

"ಇದಾ, ಇಲ್ಲಿ ಬನ್ನಿ! ಇದು ಯಾರು ತಂದು ಹಾಕಿದ್ದು?"

"ಅಭಿಮಾನಿಗಳು ಇರಬೇಕು," ಎಂದ ಉದಯಶಂಕರ, ಮೂಗು ಮುಚ್ಚಿಕೊಂಡು, ಆದರೂ ಸ್ವಲ್ಪ ಹೆಮ್ಮೆಯಿಂದ.

"ಅಭಿಮಾನಿಗಳು ಹಾರ ಹಾಕ್ತಾರೆ. ಅಂಜಲ್ ಹಾಕ್ತಾರಾ?"

ನೆರೆಯ ಹೆಂಗಸೊಬ್ಬಳು ಉಪಕಾರಕ್ಕೆಂದು ಅದನ್ನು ಎತ್ತಿಕೊಂಡು ಹೋದಳು. ಮರುದಿನ ಅದೇ ಮೆಟ್ಟಿಲ ಮೇಲೆ ತುಪ್ಪದ ಮೈಸೂರುಪಾಕಿನ ದೊಡ್ಡ ಡಬ್ಬಿ ಬಂತು. ಯಾರೋ ತಪ್ಪು ತಿದ್ದಿಕೊಂಡಿದ್ದರು.

ನಿಜ ಹೊರಬಿದ್ದದ್ದು ಪಂಚಾಯತ್ ಮೆಂಬರ್ ಲೋಲಾಕ್ಷಿಯ ದೆಸೆಯಿಂದ. ಮುಂಡೋಡಿ ಅವಳ ವಾರ್ಡು. ಹೊಯಿಗೆಯ ಟಿಪ್ಪರುಗಳ ವಿರುದ್ಧ ಅವಳು ಎಷ್ಟೋ ಕಾಲ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಅವಳು ಒಂದು ದಿನ ಸ್ಟುಡಿಯೋಕ್ಕೆ ನುಗ್ಗಿ ಕನ್ನಡ ಪತ್ರಿಕೆಯೊಂದನ್ನು ಮೇಜಿನ ಮೇಲೆ ಹರವಿದಳು.

"ಓದಿ ಭಟ್ರೇ! ನಾನೇ ಹೇಳಿ ಹಾಕಿಸಿದ್ದು."

ಉದಯಶಂಕರ ಓದಿದ. 'ಹಸಿರಿಗಾಗಿ ಏಕಾಂಗಿ ಸಮರ. ಮರಳು ದಂಧೆಯ ಎದುರು ಎದೆಯೊಡ್ಡಿ ನಿಂತ ಛಾಯಾಗ್ರಾಹಕ.' ಕೆಳಗೆ ಅವನ ಫೋಟೋ, ಕೈಯಲ್ಲಿ ಎಳನೀರು.

"ಯಾವ ಮರಳು ಲೋಲಾಕ್ಷಿಯಕ್ಕ?"

ಲೋಲಾಕ್ಷಿ ಹೊಟ್ಟೆ ಹಿಡಿದು ನಕ್ಕಳು. "ಹೌದೌದು, ಯಾವ ಮರಳು! ಪಾಪ, ಗೊತ್ತೇ ಇಲ್ಲ! ಆ ಟಿಪ್ಪರಿನವರು ಹಿಂದಿನ ಸಲ ಫೋಟೋ ತೆಗೆಯಲಿಕ್ಕೆ ಹೋದವನ ಕ್ಯಾಮೆರಾವನ್ನು ಹೊಳೆಗೆ ಬಿಸಾಡಿದ್ದು. ಅವನನ್ನೂ ಬಿಸಾಡುತ್ತಿದ್ದರು, ಅವನಿಗೆ ಈಜು ಬರ್ತದೆಂದು ಬಿಟ್ಟದ್ದು. ನಿಮ್ಮ ಧೈರ್ಯಕ್ಕೆ ನಾವು ಸನ್ಮಾನ ಮಾಡಬೇಕು!"

ಅವಳು ಹೋದ ಮೇಲೆ ಉದಯಶಂಕರ ಪತ್ರಿಕೆಯನ್ನು ಇನ್ನೊಮ್ಮೆ ಓದಿದ. ಅವನಿಗೆ ಈಜು ಬರುತ್ತಿರಲಿಲ್ಲ. ಕೆಂಪು ಮುಳುಗಬೇಕು ಎಂದದ್ದು, ಭಾವ ಹತ್ತಿಸಿ ನಿಲ್ಲಿಸುತ್ತಾರೆ ಎಂದದ್ದು, ದೋಣಿ ತೆಗೆಯಿರಿ ಎಂದದ್ದು, ಒಂದೊಂದಾಗಿ ಹೊಸ ಅರ್ಥದೊಡನೆ ತಲೆಗೆ ಬಂದವು. ಸ್ಟುಡಿಯೋದ ಶಟರನ್ನು ಅರ್ಧ ಇಳಿಸಿ ಮನೆಗೆ ಬಂದು, ಹೊದ್ದು ಮಲಗಿದ. ನಡುಕಕ್ಕೆ ಚಳಿಜ್ವರವೆಂದು ಹೆಸರಿಟ್ಟ.

ಆದರೆ ಮನೆಯ ಹೊರಗೆ ಅವನು ಬೆಳೆಯುತ್ತಲೇ ಇದ್ದ. ಬಸ್ಸಿನ ಕಂಡಕ್ಟರು ಸೌದಾಮಿನಿಗೆ ಸೀಟು ಬಿಡಿಸಿಕೊಟ್ಟ. ಕ್ಷೌರದಂಗಡಿಯಲ್ಲಿ, ಭಟ್ರು ಕ್ಯಾಮೆರಾದೊಳಗೆ ಪಿಸ್ತೂಲು ಇಟ್ಟುಕೊಂಡಿದ್ದಾರಂತೆ ಎಂಬ ಸುದ್ದಿ ಹುಟ್ಟಿತು. ಮಹಾಗಣಪತಿಯವರೇ ಫೋನು ಮಾಡಿ, "ಉದಯ, ಹಸಿರು ಎಂದು ನೀನು ಅಂದು ಹೇಳಿದ್ದು ಇದಾ? ನನಗೆ ಅರ್ಥವೇ ಆಗಲಿಲ್ಲ ನೋಡು," ಎಂದು ಗದ್ಗದರಾದರು.

ಜ್ವರದ ಮೂರನೇ ದಿನ ದೇವಕಿ ಬಂದಳು. ಬಸ್ಸು ಬದಲಿಸಿ, ದಾರಿ ಕೇಳಿಕೊಂಡು ಬಂದಿದ್ದಳು. ಜಗಲಿಯ ತುದಿಯಲ್ಲಿ ಕೂತಳು.

"ನೀವು ಬರಲಿಲ್ಲ. ಅವರು ಪುನಃ ಬಂದರು ಭಟ್ರೇ. ನಿನ್ನೆ ಹಿತ್ತಿಲಿನ ಇನ್ನೊಂದು ತೆಂಗು ಬುಡ ಸಮೇತ ಹೊಳೆಗೆ ಬಿತ್ತು. ಹೊಳೆ ಈಗ ಅಡುಗೆಕೋಣೆಯ ಗೋಡೆಯ ಹತ್ತಿರ ಉಂಟು. ಹೋಗಿ ಅವರ ಹತ್ತಿರ ಜಗಳ ಮಾಡಿ ಎಂದು ನಾನು ಹೇಳುವುದಿಲ್ಲ. ನೀವು ಬಂದು ಸುಮ್ಮನೆ ನಿಂತರೆ ಸಾಕು."

ಉದಯಶಂಕರ ಹೊದಿಕೆ ಸುತ್ತಿಕೊಂಡೇ ಎದುರು ಬಂದು ಕೂತ. ತಾನು ಅಂಥವನಲ್ಲ, ತನಗೆ ಭಯವಾಗುತ್ತದೆ ಎಂದು ಹೇಳಲು ಬಾಯಿ ತೆರೆದ. ಅವಳ ಕಾಲಿನ ಬೆರಳ ಸಂದಿಯಲ್ಲಿ ಹೊಳೆಯ ಕೆಸರು ಒಣಗಿಕೊಂಡಿತ್ತು. ಬಾಯಿ ಮುಚ್ಚಿದ. ಒಳಗಿನಿಂದ ಸೌದಾಮಿನಿಯ ದನಿ ಬಂತು:

"ಬ್ಯಾಟರಿ ಚಾರ್ಜಿಗೆ ಇಟ್ಟಿದ್ದೇನೆ."

ಆ ಸಂಜೆ ಅವನು ಹೋದ. ವೀರರು ರಣರಂಗಕ್ಕೆ ಹೋಗುವಾಗ ಹೇಗೆ ಹೋಗುತ್ತಾರೋ ಗೊತ್ತಿಲ್ಲ. ಉದಯಶಂಕರ ದಾರಿಯಲ್ಲಿ ಎರಡು ಸಲ ಚಪ್ಪಲಿ ಕಳಚಿಕೊಂಡು, ಒಂದು ಸಲ ಬಸ್ ಸ್ಟಾಪಿನಿಂದ ಹಿಂದೆ ತಿರುಗಿ, ಕೊನೆಗೆ ಗಾಳಿಮರಗಳ ಎಡೆಯಿಂದ ಹೊರಬಂದ. ಟಿಪ್ಪರುಗಳು ನಿಂತಿದ್ದವು. ಸ್ಟ್ಯಾಂಡಿನ ಮೂರು ಕಾಲುಗಳನ್ನು ಊರಿದ. ಅವನ ಎರಡು ಕಾಲುಗಳು ಊರಲಿಲ್ಲ.

ಪ್ರವೀತ್ ಕಪ್ಪು ಕನ್ನಡಕ ತೆಗೆದ. "ಪುನಃ ಬಂದ್ರಾ ಸಾರ್?"

"ಬ... ಬಂದೆ."

"ಪೇಪರಿನಲ್ಲಿ ಎಲ್ಲ ಬಂತಲ್ಲ. ಇನ್ನೂ ಎಷ್ಟು ದಿನ ಬರುವುದು?"

"ಹ... ಹಸಿರು ಸಿಗುವವರೆಗೆ."

ನಡುಗುವ ದನಿಯನ್ನು ಪ್ರವೀತ್ ಅದುಮಿಟ್ಟ ಕೋಪವೆಂದು ತಿಳಿದ. ಕೈ ಎತ್ತಿ ತನ್ನವರಿಗೆ ಸನ್ನೆ ಮಾಡಿದ. ಟಿಪ್ಪರುಗಳು ಹೊರಟವು. ಅವು ಕಣ್ಮರೆಯಾದ ಮೇಲೆ ಉದಯಶಂಕರ ಹೊಯಿಗೆಯ ಮೇಲೆ ಕುಸಿದು ಕೂತ. ಅಂದು ಸೂರ್ಯ ಹೇಗೆ ಮುಳುಗಿದನೆಂದು ಅವನಿಗೆ ನೆನಪಿಲ್ಲ. ಅದರ ಮರುದಿನವೂ ಅವನು ಹೋದ, ಅದರ ಮರುದಿನವೂ. ನಡುಕ ಸಂಪೂರ್ಣ ಬಿಟ್ಟಿತೆಂದು ಹೇಳಿದರೆ ಸುಳ್ಳಾದೀತು.

ಸನ್ಮಾನ ಶಿವರಾತ್ರಿಯ ಹಿಂದಿನ ದಿನ, ಮುಂಡೋಡಿ ಕಡಪ್ಪುರದಲ್ಲೇ ನಡೆಯಿತು. ಶಾಮಿಯಾನ, ಕುರ್ಚಿ, ಮೈಕು ಎಲ್ಲದರ ಪ್ರಾಯೋಜಕ ಪ್ರವೀತ್. ಊರಿನಲ್ಲಿ ಬದುಕಬೇಕಾದವನು ಗಾಳಿ ನೋಡಿ ಹಸಿರು ಶರ್ಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ಜನ ಹೋಗಲೆಂದು ಗದ್ದೆಯ ಬದಿಯಲ್ಲಿ ಕಾಯುವ ಕೊಕ್ಕರೆಯಷ್ಟು ತಾಳ್ಮೆ ಅವನ ಮುಖದಲ್ಲಿತ್ತು. ವಿಲೇಜ್ ಆಫೀಸರು ತೆಂಕಣ ಕೇರಳದವರು. ಮಲಯಾಳ ಬೆರೆತ ಕನ್ನಡದಲ್ಲಿ "ಈ ಮಹಾವ್ಯಕ್ತಿಯ ತ್ಯಾಗಂ, ಧೈರ್ಯಂ" ಎಂದು ಶುರು ಮಾಡಿ ಮುಗಿಸುವ ಲಕ್ಷಣ ತೋರಿಸಲಿಲ್ಲ. ಆಮೇಲೆ ಮಹಾಗಣಪತಿ ಎದ್ದು, ಬೆಳೆಯುವ ಪೈರು ಯಾವುದೆಂದು ತನಗೆ ಮೊದಲೇ ಗೊತ್ತಿತ್ತು ಎಂಬರ್ಥದಲ್ಲಿ ಮಾತಾಡಿದರು. ಶಾಲು, ಹಾರ, ಪೇಟ, ಫಲಪುಷ್ಪ ಎಲ್ಲ ಬಿದ್ದ ಮೇಲೆ ಅವುಗಳ ಒಳಗಿದ್ದ ಉದಯಶಂಕರನನ್ನು ಮೈಕಿನ ಎದುರು ನಿಲ್ಲಿಸಿದರು.

"ನಾನು ಹೊಯಿಗೆಗಾಗಿ ಬಂದದ್ದಲ್ಲ," ಎಂದ ಉದಯಶಂಕರ. ಪೇಟ ಹುಬ್ಬಿನವರೆಗೆ ಇಳಿದಿತ್ತು. "ಹೊಯಿಗೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಹೆದರಿ ಮಲಗಿದೆ. ನಾನು ಬಂದದ್ದು ಸೂರ್ಯನ ಫೋಟೋಕ್ಕೆ. ಒಕ್ಕಲಿನ ಊಟದಲ್ಲಿ ಭಾವ ನಕ್ಕರೆಂದು."

ಲೋಲಾಕ್ಷಿ ಪಕ್ಕದ ಮೈಕು ಎಳೆದುಕೊಂಡಳು. "ನೋಡಿ! ಎಂಥ ವಿನಯ!"

ಚಪ್ಪಾಳೆ ಮುಗಿಲು ಮುಟ್ಟಿತು. ಉದಯಶಂಕರ ಕೈಯೆತ್ತಿ ತಡೆಯಲು ನೋಡಿದ. ಅದನ್ನು ಆಶೀರ್ವಾದವೆಂದು ತಿಳಿದು ಇನ್ನಷ್ಟು ತಟ್ಟಿದರು. ಆಗ ಅವನ ಕಣ್ಣು ಜನರ ತಲೆಗಳಾಚೆ ಹೋಯಿತು. ಕಡಲಂಚು ತೊಳೆದು ಒರೆಸಿದಂತಿತ್ತು. ಮೋಡವಿಲ್ಲ, ಮಬ್ಬಿಲ್ಲ, ಹಡಗಿಲ್ಲ. ಸೂರ್ಯ ನೀರು ಮುಟ್ಟಿಯಾಗಿತ್ತು.

"ದಮ್ಮಯ್ಯ, ಎಲ್ಲರೂ ಒಮ್ಮೆ ಆಚೆ ತಿರುಗಿ! ಮಾತಾಡಬೇಡಿ!"

ಹಾರ, ಶಾಲು, ಪೇಟ ಸಮೇತ ಅವನು ವೇದಿಕೆಯಿಂದ ಹಾರಿದ. ಅಭ್ಯಾಸಬಲದಿಂದ ಬದಿಯಲ್ಲಿ ಊರಿಟ್ಟಿದ್ದ ಕ್ಯಾಮೆರಾದ ಹತ್ತಿರ ಓಡಿದ. ಸಭೆಯೇ ಎದ್ದು ಪಡುವಣಕ್ಕೆ ತಿರುಗಿತು. ವಿಲೇಜ್ ಆಫೀಸರು, ಮೆಂಬರು, ಹೆಡ್ಮಾಸ್ಟರು, ಟಿಪ್ಪರಿನವರು, ದೇವಕಿ, ಎಲ್ಲರೂ ಉಸಿರು ಹಿಡಿದು ನಿಂತರು. ದಿನವೂ ಮುಳುಗುವ ಸೂರ್ಯ. ಆ ಊರಿನಲ್ಲಿ ಅವನನ್ನು ಕೊನೆಯವರೆಗೆ ಯಾರೂ ನೋಡಿರಲಿಲ್ಲ. ಅರ್ಧವಾದ, ಕಾಲಾದ, ಉಗುರಿನಷ್ಟಾದ. ಆ ಉಗುರಿನ ತುದಿ ಇದ್ದಕ್ಕಿದ್ದಂತೆ ಹಸಿರಾಯಿತು. ಎಳೆ ಬಾಳೆಯ ಸುಳಿಯ ಹಸಿರಲ್ಲ, ಗಿಳಿಯ ಹಸಿರಲ್ಲ. ಹಿಂದೆ ಕಂಡ ಯಾವುದಕ್ಕೂ ಹೋಲಿಸಲಾಗದ ಒಂದು ಹನಿ ಬೆಳಕು. ಹೊಳೆಯಿತು, ಹೋಯಿತು.

"ಓ..." ಎಂದಿತು ಇಡೀ ಕಡಪ್ಪುರ. ಪ್ರವೀತನ ಕನ್ನಡಕ ಕೈಯಲ್ಲಿತ್ತು. ವಿಲೇಜ್ ಆಫೀಸರು ಬಾಯಿ ಮುಚ್ಚಲು ಮರೆತಿದ್ದರು. ಮಹಾಗಣಪತಿ, "ಉದಯ, ನಿಜವೇ ಮಾರಾಯ!" ಎಂದು ಕೂಗಿ ಓಡಿ ಬಂದರು. "ಎಲ್ಲಿ, ಫೋಟೋ ತೋರಿಸು!"

ಉದಯಶಂಕರ ಕ್ಯಾಮೆರಾದ ಪರದೆ ನೋಡಿದ. ಕಪ್ಪು ಗೆರೆಯಂಥ ಕಡಲು. ಅದರ ಮೇಲೆ ಆ ಹಸಿರು ಹನಿ, ಅಲುಗದೆ, ಮಸುಕಾಗದೆ. ಜೀವಮಾನದಲ್ಲಿ ಅವನು ತೆಗೆದ ಅತ್ಯುತ್ತಮ ಫೋಟೋ.

ದೇವಕಿ ಬದಿಗೆ ಬಂದಿದ್ದಳು. "ಇದಕ್ಕೇ ಅಲ್ಲವಾ ನೀವು ಇಷ್ಟು ದಿನ ಕಾದದ್ದು? ಸಿಕ್ಕಿತಲ್ಲ. ಇನ್ನು ನೀವು ಈಚೆ ಬರುವುದಿಲ್ಲವೇನೋ," ಎಂದಳು ಮೆಲ್ಲಗೆ. ಸ್ವಲ್ಪ ದೂರದಲ್ಲಿ ಕುರ್ಚಿ ಮಡಚಿಸುತ್ತಿದ್ದ ಪ್ರವೀತ್ ಕೈ ನಿಲ್ಲಿಸಿ ಈ ಕಡೆ ಕಿವಿಕೊಟ್ಟ.

ಉದಯಶಂಕರ ಕ್ಯಾಮೆರಾದ ಸ್ವಿಚ್ಚು ಆರಿಸಿದ.

"ಛೆ! ಕೈ ಅಲುಗಿ ಹೋಯಿತು ಭಾವ," ಎಂದ, ಪ್ರವೀತನಿಗೂ ಕೇಳುವಷ್ಟು ಗಟ್ಟಿಯಾಗಿ. "ಏನೂ ಬಂದಿಲ್ಲ. ನಾಳೆಯಿಂದ ಪುನಃ ಬರಬೇಕು. ಎಷ್ಟು ವರ್ಷ ಹಿಡೀತದೋ ಹೇಳಲಿಕ್ಕಾಗುವುದಿಲ್ಲ."

"ಇಷ್ಟೆಲ್ಲ ಆಗಿ, ಕೊನೆಗೆ ಕೈ ಅಲುಗಿತಾ!" ಮಹಾಗಣಪತಿ ಬಿದ್ದು ಬಿದ್ದು ನಕ್ಕರು. ಸುತ್ತಲಿದ್ದವರೂ ನಕ್ಕರು. ಉದಯಶಂಕರನೂ ನಕ್ಕ. ಪ್ರವೀತ್ ಮಾತ್ರ ನಗಲಿಲ್ಲ. ಹಸಿರು ಶರ್ಟಿನ ಗುಂಡಿ ಬಿಚ್ಚಿ ಗಾಳಿ ಹಾಕಿಕೊಂಡ.

ಉದಯಶಂಕರನ ಹೆಗಲ ಹಿಂದೆಯೇ ಫಲಪುಷ್ಪ, ತೆಂಗಿನಕಾಯಿ ಹಿಡಿದು ನಿಂತಿದ್ದ ಸೌದಾಮಿನಿ ಪರದೆಯಲ್ಲಿದ್ದುದನ್ನು ನೋಡಿದ್ದಳು. ಅಲ್ಲಿ ಏನೂ ಹೇಳಲಿಲ್ಲ. ಬಸ್ಸು ಕುಂಬಳೆ ದಾಟಿದ ಮೇಲೆ ಹೇಳಿದಳು:

"ನಾಳೆ ನಾನೂ ಬರ್ತೇನೆ."

"ಎಂತಕ್ಕೆ?"

"ನಿಮ್ಮ ಕೈ ಅಷ್ಟು ಅಲುಗುವುದಾದರೆ, ಹಿಡಿದುಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ."